ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲು

ನಮ್ಮ ಸೋದರಮಾವನ ಅಂಬಾಸಿಡರ್ ಲೀಟರಿಗೆ ಒಂಬತ್ತು ಕಿಲೋಮೀಟರ್ ಓಡುತ್ತಿತ್ತು. ಹತ್ತು ಓಡಿದ ದಿನ ಮಾವ ಕೈಕಾಲು ತೊಳೆಯುವ ಮೊದಲೇ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಕಿಸೆಯ ವಹಿ ಬಿಚ್ಚಿ ಅತ್ತೆಗೆ ಲೆಕ್ಕ ಓದಿ ಹೇಳುತ್ತಿದ್ದ. 1989ರಲ್ಲಿ ಪೆಟ್ರೋಲು ಲೀಟರಿಗೆ ಎಂಟೂವರೆ ರೂಪಾಯಿ ಆಸುಪಾಸು ಇತ್ತು. ಮರುವರ್ಷ ಕೊಲ್ಲಿಯಲ್ಲಿ ಗದ್ದಲ ಎದ್ದಾಗ ಸರಕಾರ ಮತ್ತೆ ಏರಿಸಿತು, ಬೆಲೆ ಹನ್ನೆರಡು ದಾಟಿತು. ಆಗ ಸುರಪುರ ತಾಲೂಕಿನ ನಮ್ಮ ದೇವಾಪುರದಲ್ಲಿ ಹನ್ನೆರಡು ರೂಪಾಯಿ ಅಂದರೆ ಹೆಚ್ಚುಕಡಿಮೆ ಒಬ್ಬ ಆಳಿನ ದಿನದ ಕೂಲಿ.

ಕೋರ್ಟು, ಕಚೇರಿ, ದೊಡ್ಡ ದವಾಖಾನೆ, ಏನೇ ಇದ್ದರೂ ಗುಲ್ಬರ್ಗಾಕ್ಕೇ ಹೋಗಬೇಕಿತ್ತು. ಸುರಪುರದಿಂದ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹೋಗಿ ಬರುವಷ್ಟರಲ್ಲಿ ಅಂಬಾಸಿಡರ್ ಇಪ್ಪತ್ತು ಲೀಟರಿಗಿಂತ ಹೆಚ್ಚು ಕುಡಿಯುತ್ತಿತ್ತು. ಹಾಗಾಗಿ ಮಾವ ನಾಲ್ಕು ಮನೆಯ ಕೆಲಸ ಕೂಡಿಸಿ, ಬುತ್ತಿ ಗಂಟು ಕಟ್ಟಿಕೊಂಡು, ಕಾರು ತುಂಬಿದ ಮೇಲೇ ಹೊರಡುತ್ತಿದ್ದ. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು, ದಾರಿ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಯಾವ ಕಾರ್ಖಾನೆಯ ಯಾವ ಎಂಜಿನ್ನೂ ನಮ್ಮ ತಾಲೂಕಿಗೆ ಅಷ್ಟು ಪೆಟ್ರೋಲು ಉಳಿಸಿಕೊಟ್ಟಿಲ್ಲ.

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಡಬ್ಬದ ತುಂಬ ಪೆಟ್ರೋಲು ಸದಾ ಇರುತ್ತಿತ್ತು. ಅದನ್ನು ಟಾಕಿಗೆ ಹಾಕುವ ಕೆಲಸ ನನ್ನದು. ತಗಡಿನ ಲಾಳಿಕೆ, ಅದರ ಬಾಯಿಗೆ ಅತ್ತೆಯ ಹಳೇ ಸೀರೆಯ ಮಲ್ಲಿನ ತುಂಡು. ಕಸ ಮೇಲೆ ನಿಲ್ಲುತ್ತಿತ್ತು, ಪೆಟ್ರೋಲು ಕೆಳಗಿಳಿಯುತ್ತಿತ್ತು. ಒಂದು ಹನಿ ಚೆಲ್ಲಿದರೂ ಮಾವನ ಮೂಗಿಗೆ ಪಡಸಾಲೆಯ ತನಕ ತಿಳಿಯುತ್ತಿತ್ತು. ಆ ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡುತ್ತಿರಲಿಲ್ಲ. ನನಗೋ ಅದು ಊರಿಗೆಲ್ಲ ತೋರಿಸಿಕೊಳ್ಳುವ ಅತ್ತರು. ಬೇಕೆಂದೇ ಅದೇ ಅಂಗಿ ತೊಟ್ಟು ಸಂತೆಗೆ ಹೋಗುತ್ತಿದ್ದೆ.

ಚಳಿಗಾಲದ ಬೆಳಿಗ್ಗೆ ಚೋಕಿನ ಗುಬ್ಬಿ ಎಳೆದು ಕಾರು ಚಾಲೂ ಮಾಡುತ್ತಿದ್ದೆವು. ಕಪ್ಪು ಹೊಗೆ, ಕಣ್ಣುರಿ, ಗಡಗಡ ಸದ್ದು. ಎಂಜಿನ್ ಬಿಸಿಯಾಗಲಿ ಎಂದು ನಿಂತಲ್ಲೇ ಓಡಿಸುವುದು ಆಗ ಬೇಕಾಗಿತ್ತು. ತಣ್ಣಗಿರುವಾಗ ಕಾರ್ಬುರೇಟರಿನ ಪೆಟ್ರೋಲು ಸರಿಯಾಗಿ ಆವಿಯಾಗದೆ ಕಾರು ದಾರಿಯಲ್ಲೇ ನಿಂತುಬಿಡುತ್ತಿತ್ತು. ಈಗಿನ ಇಂಜೆಕ್ಷನ್ ಕಾರು ತಣ್ಣಗಿದ್ದರೂ ತನಗೆಷ್ಟು ಬೇಕೋ ಅಷ್ಟನ್ನು ತಾನೇ ಅಳೆದುಕೊಳ್ಳುತ್ತದೆ. ಚಾಲೂ ಮಾಡಿ, ಬೆಲ್ಟು ಹಾಕಿಕೊಂಡು, ಮೊದಲ ಮೈಲು ಮೆಲ್ಲಗೆ ಹೋದರೆ ಸಾಕು. ಅಂಗಳದಲ್ಲಿ ನಿಲ್ಲಿಸಿ ಬಿಸಿ ಮಾಡುವ ನಮ್ಮ ಓರಗೆಯವರು ಇನ್ನೂ ಇದ್ದಾರೆ. ನಿಂತ ಸಣ್ಣ ಕಾರು ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಸುಡುತ್ತದೆ, ಏಸಿ ಹಾಕಿದರೆ ಇನ್ನೂ ಹೆಚ್ಚು.

ಸುರಪುರದ ಗುಡ್ಡದ ಇಳುಕಲು ಬಂತೆಂದರೆ ಮಾವ ಗೇರು ತೆಗೆದು ನ್ಯೂಟ್ರಲಿಗೆ ಹಾಕುತ್ತಿದ್ದ. ಒಮ್ಮೊಮ್ಮೆ ಚಾವಿಯನ್ನೂ ತಿರುಗಿಸಿಬಿಡುತ್ತಿದ್ದ. ಸದ್ದೆಲ್ಲ ಅಡಗಿ, ಗಾಳಿ ಮಾತ್ರ ಕಿವಿಯಲ್ಲಿ ಸುಯ್ಯೆನ್ನುತ್ತಿತ್ತು. “ಇದು ದೇವರ ಪೆಟ್ರೋಲ್ ಪಾ” ಅನ್ನುತ್ತಿದ್ದ. ಆ ಕಾರಿನ ಬ್ರೇಕು, ಸ್ಟೀರಿಂಗು ಎರಡೂ ಬರೀ ಮೈಬಲದ ಮೇಲೆ ನಡೆಯುತ್ತಿದ್ದವು, ಎಂಜಿನ್ ನಿಂತರೂ ಅವುಗಳ ಕೆಲಸ ನಿಲ್ಲುತ್ತಿರಲಿಲ್ಲ. ಕಾರ್ಬುರೇಟರೋ, ಎಂಜಿನ್ ತಿರುಗಿದಷ್ಟು ಹೊತ್ತೂ ಪೆಟ್ರೋಲು ಹೀರುತ್ತಿತ್ತು. ಗೇರಿನಲ್ಲಿ ಜೋರಾಗಿ ತಿರುಗಿಸುವುದಕ್ಕಿಂತ ನ್ಯೂಟ್ರಲಿನಲ್ಲಿ ಕಡಿಮೆ ಹೀರುತ್ತಿತ್ತೆಂಬ ಮಾವನ ಲೆಕ್ಕ ಸರಿಯಾಗಿಯೇ ಇತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ ಬೆಲೆ ಐವತ್ತು ಸಾವಿರದೊಳಗಿತ್ತು, ಆದರೆ ಅದು ನಮ್ಮ ಕಡೆಗೆ ಮುಟ್ಟಲು ಬಹಳ ವರ್ಷ ಹಿಡಿಯಿತು. ನನ್ನ ಮೊದಲ ಕಾರೂ ಅದೇ, ಎರಡನೇ ಕೈಯದು. ಒಂದು ಲೀಟರಿಗೆ ಅದು ಹದಿನಾರು ಓಡಿದ ದಿನ ಮಾವನಿಗೆ ವಹಿ ತೋರಿಸಲು ಓಡಿಹೋದೆ. ಮಾವ ಅದರ ಬಾಗಿಲಿಗೆ ಬೆರಳಿನಿಂದ ತಟ್ಟಿ ನೋಡಿ, “ತಗಡು ತೆಳ್ಳಗದ, ಅದಕ್ಕ” ಅಂದ. ಭಾರ ಕಡಿಮೆಯಾದರೆ ಎಣ್ಣೆ ಕಡಿಮೆ ಎಂಬುದನ್ನು ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆಟೋಮ್ಯಾಟಿಕ್ ಕಾರು ಪೆಟ್ರೋಲು ನುಂಗುತ್ತದೆ ಎಂದು ನಾವೆಲ್ಲ ನಂಬಿದ್ದೆವು, ಹಳೇ ನಮೂನೆಯವು ನುಂಗುತ್ತಲೂ ಇದ್ದವು. 2014ರ ಫೆಬ್ರುವರಿಯಲ್ಲಿ ಮಾರುತಿಯ ಸೆಲೆರಿಯೊ ಬಂತು. ಗೇರಿನ ಪೆಟ್ಟಿಗೆ ಮಾಮೂಲಿಯದೇ. ಕ್ಲಚ್ಚು ಒತ್ತುವ, ಗೇರು ಹಾಕುವ ಕೆಲಸ ಮಾತ್ರ ಯಂತ್ರದ್ದು. ಕೈಯಿಂದ ಗೇರು ಹಾಕುವುದು, ತಾನೇ ಹಾಕಿಕೊಳ್ಳುವುದು, ಕಂಪನಿ ಎರಡೂ ನಮೂನೆಗೆ ಲೀಟರಿಗೆ 23.1 ಎಂದೇ ಬರೆದಿತ್ತು, ಬೆಲೆಯಲ್ಲಿ ನಲವತ್ತು ಸಾವಿರದಷ್ಟು ಫರಕು. ಮಗಳು ಮುಂದೆ ತಂದದ್ದೂ ಅದೇ ಜಾತಿಯ ಕಾರು. ನನ್ನ ಎಡಗಾಲಿಗೆ ಮೊದಮೊದಲು ಕೆಲಸವೇ ಇಲ್ಲದೆ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಇಳುಕಲಿನ ಹೊಸ ಲೆಕ್ಕವನ್ನು ಹೇಳಿಕೊಟ್ಟವನು ಶಹಾಪುರದ ಒಬ್ಬ ಗ್ಯಾರೇಜಿನ ಹುಡುಗ. ಪಕ್ಕದಲ್ಲಿ ಕೂತು, “ಕಾಕಾ, ಡಿ ಒಳಗೇ ಇರ್ಲಿ, ಕಾಲಷ್ಟೇ ತಗೀರಿ” ಅಂದ. ಡಿ ಅಂದರೆ ಡ್ರೈವ್, ಕಾರು ಮುಂದೋಡುವ ಗೇರು. ತೆಗೆದೆ. ಮುಂದಿನ ಫಲಕದಲ್ಲಿ ಹದಿನೆಂಟು, ಇಪ್ಪತ್ತು ಎಂದು ಕುಣಿಯುತ್ತಿದ್ದ ಅಂಕಿ ಸರ್ರನೆ ತುದಿಗೇರಿ ನಿಂತಿತು. ಕಾರು ಗೇರಿನಲ್ಲಿ ಉರುಳುವಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಜೆಕ್ಟರು ಪೆಟ್ರೋಲನ್ನು ಪೂರಾ ಕಟ್ಟಿಬಿಡುತ್ತದೆ. ನ್ಯೂಟ್ರಲಿಗೆ ಹಾಕಿದರೆ ಎಂಜಿನ್ ತನ್ನ ಉಸಿರಿಗಾಗಿ ಮತ್ತೆ ಕುಡಿಯಲೇಬೇಕು. ಮಾವನ ದೇವರ ಪೆಟ್ರೋಲು ಈಗ ಡಿ ಒಳಗೇ ಸಿಗುತ್ತದೆ. ಚಾವಿ ತಿರುಗಿಸುವ ಮಾತಂತೂ ಬೇಡವೇ ಬೇಡ. ಈಗಿನ ಬ್ರೇಕಿಗೂ ಸ್ಟೀರಿಂಗಿಗೂ ಬಲ ಕೊಡುವ ಏರ್ಪಾಡು ಎಂಜಿನ್ ಓಡಿದರಷ್ಟೇ ಇರುತ್ತದೆ, ಅದು ನಿಂತರೆ ಎರಡೂ ಕಲ್ಲಾಗುತ್ತವೆ.

ಬಲಗಾಲಿಗೂ ಹೊಸ ಪಾಠ ಬೇಕಾಯಿತು. ಇಂಥ ಪೆಟ್ಟಿಗೆಗೆ ನಮ್ಮ ಮನಸ್ಸು ತಿಳಿಯುವುದು ಪಾದದಿಂದಲೇ. ಜೋರಾಗಿ ತುಳಿದರೆ ಅವಸರವಿದೆ ಎಂದುಕೊಂಡು ಕೆಳಗಿನ ಗೇರಿನಲ್ಲೇ ಕಿರುಚುತ್ತದೆ. ವೇಗ ಹಿಡಿದ ಮೇಲೆ ಕಾಲನ್ನು ಒಂದು ಗಳಿಗೆ ಸಡಿಲಿಸಿದರೆ ಮೇಲಿನ ಗೇರಿಗೆ ತಾನಾಗಿ ಜಾರುತ್ತದೆ, ಸದ್ದು ಇಳಿಯುವುದು ಕಿವಿಗೇ ತಿಳಿಯುತ್ತದೆ. ಏರಿನಲ್ಲಿ ನಿಲ್ಲಬೇಕಾದರೆ ಆಕ್ಸಿಲರೇಟರ್ ತುಳಿದು ಕಾರನ್ನು ತಡೆದು ಹಿಡಿಯಬಾರದು, ಹ್ಯಾಂಡ್‌ಬ್ರೇಕ್ ಎಳೆಯಬೇಕು. ಇಲ್ಲದಿದ್ದರೆ ಪೆಟ್ರೋಲಿನ ಜೊತೆ ಕ್ಲಚ್ಚೂ ಸುಡುತ್ತದೆ. ದೂರದಲ್ಲಿ ಕುರಿಹಿಂಡು ಕಂಡಾಗಲೇ ಕಾಲು ತೆಗೆದವನಿಗೆ ಬ್ರೇಕಿನ ಹಂಗೇ ಕಡಿಮೆ. ಬ್ರೇಕು ತುಳಿದಾಗಲೆಲ್ಲ ಆಗಲೇ ಕೊಂಡ ಪೆಟ್ರೋಲು ಬಿಸಿಯಾಗಿ ಹೋಗುತ್ತದೆ.

ಟೈರಿನ ಗಾಳಿಯ ವಿಷಯದಲ್ಲಿ ಮಾತ್ರ ಏನೂ ಬದಲಾಗಿಲ್ಲ. ನಮ್ಮಜ್ಜನ ಚಕ್ಕಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿತ್ತು, ಅದು ಬರಿದಾದರೆ ಎತ್ತುಗಳಿಗೆ ಎಳೆಯುವ ಭಾರ ಹೆಚ್ಚುತ್ತಿತ್ತು. ಟೈರಿನ ಗಾಳಿ ಇಳಿದರೂ ಹಾಗೆಯೇ, ಎಳೆಯುವುದು ಮಾತ್ರ ಎಂಜಿನ್ನು. ಎಷ್ಟು ಹಾಕಬೇಕೆಂಬ ಅಂಕಿ ಚಾಲಕನ ಬಾಗಿಲ ಚೌಕಟ್ಟಿನಲ್ಲೇ ಅಂಟಿಸಿರುತ್ತದೆ. ಬೆಳಿಗ್ಗೆ, ಟೈರು ತಣ್ಣಗಿದ್ದಾಗಲೇ ನೋಡಬೇಕು. ನಮ್ಮ ಬಿಸಿಲಿನಲ್ಲಿ ಹತ್ತು ಮೈಲು ಓಡಿದ ಟೈರು ತೋರಿಸುವ ಅಂಕಿಯನ್ನು ನಂಬುವಂತಿಲ್ಲ.

ಬಿಸಿಲಿಗೆ ಮಾವನ ಕಾರಿನಲ್ಲಿ ಒದ್ದೆ ಟಾವೆಲು, ತೆರೆದ ಕಿಟಕಿ ಇಷ್ಟೇ ಇದ್ದವು. ಈಗ ಏಸಿ ಇಲ್ಲದೆ ಯಾರೂ ಕೂರರು, ಕೂರಬೇಕಾಗಿಯೂ ಇಲ್ಲ. ಬೇವಿನ ನೆರಳಿಗೆ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು ಒಳಗಿನ ಝಳ ಹೊರಗೆ ಬಿಟ್ಟು, ಆಮೇಲೆ ಹಾಕಿದರೆ ಅದರ ಕೆಲಸ ಹಗುರಾಗುತ್ತದೆ. ದೊಡ್ಡ ರಸ್ತೆಗೆ ಬಿದ್ದಮೇಲೆ ಕಿಟಕಿ ಮುಚ್ಚುವುದೇ ಲೇಸು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ತಿಂಥಣಿ ಮೌನೇಶ್ವರನ ಜಾತ್ರೆಗೆಂದು ಛಾವಣಿಯ ಮೇಲೆ ಕಟ್ಟಿದ ಕ್ಯಾರಿಯರನ್ನು ವರ್ಷವಿಡೀ ಹೊತ್ತು ತಿರುಗುವ ಕಾರು ಗಾಳಿಯ ಜೊತೆ ವರ್ಷವಿಡೀ ಗುದ್ದಾಡುತ್ತಿರುತ್ತದೆ.

ಈಗ ಪೆಟ್ರೋಲು ನೂರು ದಾಟಿದೆ, ಅದರಲ್ಲಿ ಐದನೇ ಒಂದು ಪಾಲು ಎಥನಾಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಅದಕ್ಕೆ ಚಾಲನೆ ಕೊಟ್ಟರು. ಪೆಟ್ರೋಲಿಗಿಂತ ಎಥನಾಲಿನ ಕಾವು ಮೂರನೇ ಒಂದು ಭಾಗ ಕಡಿಮೆ. ಅದಕ್ಕಾಗಿ ಹೊಂದಿಸದ ಹಳೇ ಕಾರುಗಳ ಓಟ ನೂರಕ್ಕೆ ಆರೇಳರಷ್ಟು ಇಳಿದೀತೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ನನ್ನ ವಹಿಯಲ್ಲೂ ಅಂಕಿ ಇಳಿದಿದೆ. ಟಾಕಿ ಪೂರ್ತಿ ತುಂಬಿಸಿ, ಮೀಟರು ಬರೆದುಕೊಂಡು, ಮತ್ತೆ ತುಂಬಿಸಿದಾಗ ಭಾಗಿಸುವ ಮಾವನ ಪದ್ಧತಿಯನ್ನು ನಾನು ಬಿಟ್ಟಿಲ್ಲ; ಫಲಕದ ಅಂಕಿಗಿಂತ ನನಗೆ ಅದರ ಮೇಲೇ ಹೆಚ್ಚು ಭರವಸೆ.

ಅಳಿಯ ಮೊನ್ನೆ ಬ್ಯಾಟರಿ ಕಾರು ತಂದ. ಸುರಪುರದ ಇಳುಕಲಿನಲ್ಲಿ ಕಾಲು ತೆಗೆದರೆ ಅದು ಖರ್ಚು ನಿಲ್ಲಿಸುವುದಷ್ಟೇ ಅಲ್ಲ, ಉರುಳುವ ಗಾಲಿಯಿಂದ ಕರೆಂಟು ಮಾಡಿ ಬ್ಯಾಟರಿಗೆ ಮರಳಿ ತುಂಬುತ್ತದೆ. ವಹಿಯಲ್ಲಿ ಲೀಟರಿನ ಸಾಲು ಹೊಡೆದು ಯೂನಿಟ್ಟಿನ ಸಾಲು ಎಳೆದಿದ್ದೇನೆ. ಮುಂದಿನ ವಾರ ಕಲಬುರಗಿಗೆ ಅದರಲ್ಲೇ ಹೋಗುವುದೆಂದು ಮಾತಾಗಿದೆ.