ಮರುಭೂಮಿಯಲ್ಲೊಂದು ಚಳಿಗಾಲ

ಮಿಚಿಗನ್ ರಾಜ್ಯದಲ್ಲಿ ಮೂವತ್ತೆರಡು ಚಳಿಗಾಲಗಳನ್ನು ಕಳೆದ ನಮಗೆ ಹಿಮವೆಂಬುದು ಮನೆಯ ಮುಂದಿನಿಂದ ಸಲಿಕೆಯಲ್ಲಿ ಎತ್ತಿ ಹಾಕಬೇಕಾದ ಹೊರೆಯೇ ಹೊರತು ಸೌಂದರ್ಯವಾಗಿ ಉಳಿದಿರಲಿಲ್ಲ. ನಮ್ಮವರು ನಿವೃತ್ತರಾದ ವರ್ಷವೇ ಹಳೆಯದೊಂದು ಮನೆಬಂಡಿಯನ್ನು ಕೊಂಡರು. ಇಲ್ಲಿನವರು ಅದನ್ನು ಆರ್.ವಿ. ಎನ್ನುತ್ತಾರೆ. ಇಪ್ಪತ್ತನಾಲ್ಕು ಅಡಿ ಉದ್ದದ ಆ ವಾಹನದೊಳಗೆ ಮಂಚ, ಒಲೆ, ಫ್ರಿಜ್, ಶೌಚಗೃಹ ಎಲ್ಲವೂ ಉಂಟು. ಚಳಿ ಬಂದೊಡನೆ ಉತ್ತರದ ರಾಜ್ಯಗಳಿಂದಲೂ ಕೆನಡಾದಿಂದಲೂ ಸಾವಿರಾರು ವೃದ್ಧ ದಂಪತಿಗಳು ಇಂತಹ ಬಂಡಿಗಳಲ್ಲಿ ದಕ್ಷಿಣದ ಮರುಭೂಮಿಗೆ ಇಳಿದು ಬರುತ್ತಾರೆ. ಅವರಿಗೆ ‘ಹಿಮಪಕ್ಷಿ’ಗಳೆಂದೇ ಹೆಸರು. ಕಳೆದ ನವೆಂಬರಿನಲ್ಲಿ ನಾವು ಐದನೆಯ ಸಲ ಹೊರಟೆವು.

ಆದರೆ ಈ ಸಲದ ಪಯಣ ಹಿಂದಿನ ನಾಲ್ಕರಂತಿರಲಿಲ್ಲ. ನಮ್ಮವರಿಗೆ ಗ್ಲಾಕೋಮಾ ತಗುಲಿ, ಎದುರಿಗಿರುವುದು ಚೆನ್ನಾಗಿಯೇ ಕಂಡರೂ ಅಕ್ಕಪಕ್ಕದ ನೋಟ ಕಿರಿದಾಗುತ್ತ ಬಂದಿತ್ತು. ರಾತ್ರಿ ವಾಹನ ನಡೆಸಕೂಡದೆಂದು ವೈದ್ಯರು ಹೇಳಿದ್ದರು. ಹಗಲಿನ ವಿಷಯವನ್ನು ಇವರು ಕೇಳಲೂ ಇಲ್ಲ, ನಾನು ಎತ್ತಲೂ ಇಲ್ಲ.

ಅರಿಜೋನಾ ರಾಜ್ಯದ ಪಶ್ಚಿಮದಂಚಿನಲ್ಲಿರುವ ಕ್ವಾರ್ಟ್ಸ್‌ಸೈಟ್ ಎಂಬ ಊರಿನ ಜನಸಂಖ್ಯೆ 2020ರ ಗಣತಿಯಂತೆ ಎರಡೂವರೆ ಸಾವಿರವನ್ನೂ ಮುಟ್ಟದು. ಚಳಿಗಾಲದಲ್ಲಿ ಮಾತ್ರ ಅದೊಂದು ಜಾತ್ರೆ. ಊರ ಹೊರಗೆ ಲಾ ಪೋಸಾ ಎಂಬ ಸರಕಾರಿ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಬೀಡುಬಿಡಲು ನಾವು ತೆತ್ತದ್ದು 180 ಡಾಲರ್. ವಿದ್ಯುತ್ತಿನ ತಂತಿಯಿಲ್ಲ, ಮನೆಬಾಗಿಲಿಗೆ ನಲ್ಲಿಯಿಲ್ಲ. ಛಾವಣಿಯ ಮೇಲಿನ ಸೌರಫಲಕಗಳೇ ದೀಪಕ್ಕೆ ಆಧಾರ. ಮರುಭೂಮಿಯೆಂದರೆ ಮರಳ ದಿಬ್ಬಗಳೆಂದು ಓದುಗರು ಭಾವಿಸಬಾರದು. ಇದು ನಮ್ಮ ವಿಜಯಪುರದ ಕಡೆಯ ಗರಸು ನೆಲದಂತೆ ಗಟ್ಟಿಯಾದ, ಕಲ್ಲುಹರಳಿನ ಬಯಲು. ನಡುನಡುವೆ ಸಗುವಾರೊ ಕಳ್ಳಿಗಳು ಕಂಬದಂತೆ ನಿಂತಿರುತ್ತವೆ. ಅವುಗಳಿಗೆ ಮೊದಲ ತೋಳು ಮೂಡಲು ಐವತ್ತು ವರ್ಷಗಳಾದರೂ ಬೇಕು.

ಊರ ಸ್ಮಶಾನದಲ್ಲಿ ಪಿರಮಿಡ್ಡಿನ ಆಕಾರದ ಒಂದು ಸಮಾಧಿಯುಂಟು, ಅದರ ತುದಿಗೆ ಲೋಹದ ಒಂಟೆ. ಮರುಭೂಮಿಯಲ್ಲಿ ಸಾಮಾನು ಹೊರಿಸಲೆಂದು ಅಮೆರಿಕದ ಸೈನ್ಯ ಒಂಟೆಗಳನ್ನು ತರಿಸಿದಾಗ, 1856ರಲ್ಲಿ, ಅವುಗಳೊಡನೆ ಬಂದ ಹಾಜಿ ಅಲಿ ಎಂಬಾತನದು ಅದು. ಇಲ್ಲಿನವರ ಬಾಯಲ್ಲಿ ಆತ ‘ಹೈ ಜಾಲಿ’ ಆದ. ನಮ್ಮ ಹೆಸರುಗಳಿಗೂ ಈ ದೇಶದಲ್ಲಿ ಆದದ್ದು ಅಷ್ಟೇ.

ನಮ್ಮ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 150 ಲೀಟರು. ಒಂದು ವಾರ ಇಬ್ಬರಿಗೂ ಅಷ್ಟೇ. ಬರದ ಸೀಮೆಯಲ್ಲಿ ಹುಟ್ಟಿ, ಒಂದು ಕೊಡದಲ್ಲಿ ಮೈ ತೊಳೆದು ಅದೇ ನೀರನ್ನು ಗಿಡಕ್ಕೆ ಹಾಕುತ್ತಿದ್ದ ನಾನು ಅದನ್ನು ಎಂದೋ ಮರೆತಿದ್ದೆ. ಕೈ ಮಾತ್ರ ಮರೆತಿರಲಿಲ್ಲ. ಮನೆಯಿಂದ ತಟ್ಟಿ ತಂದ ಖಡಕ್ ಜೋಳದ ರೊಟ್ಟಿ ಆ ಒಣ ಹವೆಯಲ್ಲಿ ವಾರಗಟ್ಟಲೆ ಕೆಡಲಿಲ್ಲ. ಶೇಂಗಾ ಹಿಂಡಿಯೊಡನೆ ಅದನ್ನು ತಿಂದ ಪಕ್ಕದ ಬಂಡಿಯ ಕೆನಡಾದ ಅಜ್ಜಿ ಮರುದಿನ ತಟ್ಟೆ ಹಿಡಿದೇ ಬಂದರು. ಎಲ್ಲರೂ ನಮ್ಮಂತೆ ಹವ್ಯಾಸಕ್ಕಾಗಿ ಬಂದವರಲ್ಲವೆಂಬುದನ್ನೂ ಹೇಳಬೇಕು. ಪಿಂಚಣಿ ಬಾಡಿಗೆಗೆ ಸಾಲದೆ ಬಂಡಿಯನ್ನೇ ಮನೆ ಮಾಡಿಕೊಂಡವರು ಅಲ್ಲಿ ಬಹಳ. 2020ರ ‘ನೋಮ್ಯಾಡ್‌ಲ್ಯಾಂಡ್’ ಚಲನಚಿತ್ರದಲ್ಲಿರುವುದು ಅಂಥವರ ಬದುಕೇ. ಅವರೆದುರಿಗೆ ನಮ್ಮ ಮಿಚಿಗನ್ ಮನೆಯ ಮಾತೆತ್ತಲು ನನಗೆ ಸಂಕೋಚವಾಗುತ್ತಿತ್ತು.

ಜನವರಿಯಲ್ಲಿ ಒಂದು ದಿನ ದಕ್ಷಿಣದ ಕೋಫಾ ಬೆಟ್ಟಗಳಿಗೆ ನಡೆಯಲು ಹೋದೆವು. ದೊಡ್ಡಕೊಂಬಿನ ಕಾಡುಕುರಿಗಳಿಗಾಗಿ 1939ರಲ್ಲಿ ಕಾದಿರಿಸಿದ ಅರಣ್ಯವದು. ಅಲ್ಲಿನ ಕಣಿವೆಯೊಂದರ ಬಿರುಕಿನಲ್ಲಿ ತಾಳೆಮರಗಳಿವೆ. ದಾರಿ ಒಂದು ಕಿಲೋಮೀಟರೂ ಇಲ್ಲ. ಚೋಯಾ ಎಂಬ ಕಳ್ಳಿಯೊಂದು ದಾರಿಯ ಎಡಕ್ಕೇ ಇತ್ತು. ಸೋಕಿದರೆ ಸಾಕು, ತುಂಡೇ ಕಳಚಿ ಮೈಗಂಟುತ್ತದೆ. ಆದ್ದರಿಂದ ‘ನೆಗೆಯುವ ಕಳ್ಳಿ’ ಎನ್ನುತ್ತಾರೆ. ನಾನು ಕಂಡೆ, ಇವರು ಕಾಣಲಿಲ್ಲ. ಮೊಣಕೈಗೆ ಅಂಟಿದ ತುಂಡನ್ನು ಬಾಚಣಿಗೆಯ ಹಲ್ಲಿನಿಂದ ಎಬ್ಬಿಸಿ ತೆಗೆದು, ಉಳಿದ ಮುಳ್ಳುಗಳನ್ನು ಚಿಮಟದಿಂದ ಕೀಳಲು ಅರ್ಧ ಗಂಟೆ ಹಿಡಿಯಿತು. ಇವರು ತುಟಿ ಬಿಚ್ಚಲಿಲ್ಲ. ಬಂಡಿಯ ಬಳಿಗೆ ಬಂದಾಗ ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಇನ್ನ ನೀನ ಹೊಡಿ” ಎಂದರು.

ಕಾರು ನಡೆಸಿದ ನನಗೆ ಆ ಆನೆಯಂತಹ ಬಂಡಿ ಹೊಸದು. ಬಯಲಿನಲ್ಲಿ ಕಲಿಸಿದವರು ಆ ಕೆನಡಾದ ಅಜ್ಜಿಯೇ. ಪತಿ ತೀರಿದ ಮೇಲೆ ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಬ್ಬರೇ ಅಷ್ಟು ದೂರ ಬಂದವರು. ಎರಡು ನೀರಿನ ಡಬ್ಬಗಳನ್ನು ಕಂಬಗಳಂತೆ ನಿಲ್ಲಿಸಿ ನಡುವೆ ಹಿಂದಕ್ಕೆ ಸರಿಸೆಂದರು. ಡಬ್ಬಗಳು ಉಳಿದವು, ನಮ್ಮವರ ಮಡಿಸುವ ಕುರ್ಚಿ ಅಪ್ಪಚ್ಚಿಯಾಯಿತು. ಇವರು ಅಂದು ಬಹಳ ದಿನಗಳ ಮೇಲೆ ನಕ್ಕರು.

ಫೆಬ್ರವರಿಯಲ್ಲಿ ಕೊಲರಾಡೊ ನದಿ ದಾಟಿ, 1905ರಲ್ಲಿ ಅದೇ ನದಿ ಕಾಲುವೆಯೊಡೆದು ನುಗ್ಗಿದ್ದರಿಂದ ಉಂಟಾದ ಸಾಲ್ಟನ್ ಸಮುದ್ರವನ್ನು ಬಳಸಿ, ಕ್ಯಾಲಿಫೋರ್ನಿಯಾದ ಅಂಜಾ-ಬೊರೆಗೊ ಉದ್ಯಾನಕ್ಕೆ ಬಂದೆವು. ಸುಮಾರು ಎರಡೂವರೆ ನೂರು ಕಿಲೋಮೀಟರುಗಳ ಆ ಹಾದಿಗೆ ನಾನು ಇಡೀ ದಿನ ತೆಗೆದುಕೊಂಡೆ. ಹಿಂದಿನಿಂದ ಬಂದವರೆಲ್ಲ ನಮ್ಮನ್ನು ದಾಟಿ ಹೋದರು. ಬಲಗಡೆ ಕುಳಿತ ಇವರು ಎರಡು ಸಲ ಇಲ್ಲದ ಬ್ರೇಕನ್ನು ತುಳಿದರು.

ಅಲ್ಲಿನ ತಾಳೆ ಕಣಿವೆಗೆ ಹೋಗಿ ಬರಲು ಸುಮಾರು ಐದು ಕಿಲೋಮೀಟರು. ಒಯ್ದ ನೀರು ಅರ್ಧವಾದರೆ ಎಲ್ಲಿದ್ದರೂ ಹಿಂದಿರುಗಬೇಕೆಂಬುದು ಮರುಭೂಮಿಯ ನಡಿಗೆಯ ಕಟ್ಟಳೆ. ನಾನು ಮುಂದೆ, ನನ್ನ ಚೀಲದ ಪಟ್ಟಿಯನ್ನು ಹಿಡಿದು ಇವರು ಹಿಂದೆ. 2004ರ ಪ್ರವಾಹ ಉರುಳಿಸಿದ ಬಂಡೆಗಳು ದಾರಿಯುದ್ದಕ್ಕೂ ಬಿದ್ದಿದ್ದವು. ತುದಿಯ ತೋಪಿನ ಮರಗಳಿಗೆ 2020ರ ಜನವರಿಯಲ್ಲಿ ಬೆಂಕಿ ತಗುಲಿತ್ತು. ಕಾಂಡಗಳು ಇದ್ದಲಿನಂತೆ ಕಪ್ಪು, ತಲೆಯಲ್ಲಿ ಮಾತ್ರ ಹಸಿರು ಗರಿ. ಬುಡದಲ್ಲಿ ತೊರೆ ಹರಿಯುತ್ತಿತ್ತು.

ಮರಳುವಾಗ ಇವರು ಪಟ್ಟಿಯನ್ನು ಜಗ್ಗಿ ನಿಲ್ಲಿಸಿದರು. “ಎದುರಿನ ಗುಡ್ಡದಾಗ ನೋಡು.” ನನಗೆ ಕಲ್ಲುಗಳೇ ಕಂಡವು. ಇವರು ಬೆರಳು ತೋರಿಸುತ್ತ, ಒಂದು, ಎರಡು, ಮೂರು ಎಂದು ಎಣಿಸಿದರು. ಮೂರನೆಯದು ಕದಲಿದಾಗಲೇ ಕಲ್ಲಿನ ಬಣ್ಣದ ಕಾಡುಕುರಿಗಳು ನನ್ನ ಕಣ್ಣಿಗೆ ಬಿದ್ದದ್ದು. ಇವರು ಬಹಳ ಹೊತ್ತು ಹಾಗೆಯೇ ನಿಂತಿದ್ದರು. ನಾನೂ ಅವಸರ ಮಾಡಲಿಲ್ಲ.

ಏಪ್ರಿಲಿನಲ್ಲಿ ಮನೆಗೆ ಮರಳಿದೆವು. ಬಂಡಿಯನ್ನು ಮಾರಿಬಿಡಿರೆಂದು ಮಗ ಎರಡು ಸಲ ಫೋನು ಮಾಡಿದ್ದಾನೆ. ಅವನ ಮಾತಿನಲ್ಲಿಯೂ ನ್ಯಾಯವಿದೆ. ಸದ್ಯಕ್ಕೆ ಅದನ್ನು ನಿಲ್ಲಿಸುವ ಜಾಗಕ್ಕೆ ನವೆಂಬರಿನವರೆಗಿನ ಬಾಡಿಗೆ ಕಟ್ಟಿದ್ದೇವೆ. ನಮ್ಮವರು ಹೊಸ ಕುರ್ಚಿಯೊಂದನ್ನು ತಂದಿದ್ದಾರೆ.