ಹಿತ್ತಲಲ್ಲೊಂದು ಪ್ಲಾಸ್ಟಿಕ್ ಕಣ

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಫ್ರೀಮಾಂಟ್‌ನ ನಮ್ಮ ಮನೆಯ ಹಿತ್ತಲಲ್ಲಿ ಮದ್ದಿಗಿರಲಿ, ನೋಡಲೂ ಗಿಡವಿರಲಿಲ್ಲ. ಇದ್ದದ್ದು ನಲವತ್ತಡಿ ಉದ್ದ, ಇಪ್ಪತ್ತೆರಡಡಿ ಅಗಲದ ಜಾಗ, ಕುಂಡದಲ್ಲೊಂದು ಕರಿಬೇವು, ಹುಲ್ಲೆಂಬ ಹೆಸರು ಹೊತ್ತ ಹಳದಿ ಚಾಪೆ. 2015ರ ಬರಗಾಲದಲ್ಲಿ ನಗರಗಳ ನೀರಿನ ಬಳಕೆ ಶೇಕಡಾ 25ರಷ್ಟು ಇಳಿಯಬೇಕೆಂದು ಗವರ್ನರ್ ಜೆರ್ರಿ ಬ್ರೌನ್ ಆಜ್ಞೆ ಮಾಡಿದಾಗ ಅದಕ್ಕೆ ನೀರು ನಿಲ್ಲಿಸಿದ್ದೆವು. ಆಮೇಲೆ ಅದು ಚೇತರಿಸಿಕೊಳ್ಳಲೇ ಇಲ್ಲ.

ಹನ್ನೆರಡು ವರ್ಷದ ಮಗಳಿಗೆ ಕ್ರಿಕೆಟ್ ಹುಚ್ಚು. "ಅಮ್ಮಾ, ಬ್ಯಾಕ್‌ಯಾರ್ಡಲ್ಲೇ ಟರ್ಫ್ ಹಾಕಿಸೋಣ" ಎಂದು ಶುರು ಮಾಡಿದಳು. ನಮ್ಮವರು ಕ್ಯಾಲ್ಕುಲೇಟರ್ ಹಿಡಿದು ಕೂತರು. ಆ ದುಡ್ಡಿನಲ್ಲಿ ಮನೆಮಂದಿಯೆಲ್ಲ ಊರಿಗೆ ಹೋಗಿ ಬರಬಹುದಿತ್ತು. ಅದಕ್ಕಿಂತ ಕಠಿಣವಾದ ಲೆಕ್ಕ ಇನ್ನೊಂದಿತ್ತು. ಒಳ್ಳೆಯ ಟರ್ಫ್ ಹತ್ತು ಹದಿನೈದು ವರ್ಷ ಬಾಳುತ್ತದೆ. ಮಗಳು ಆರು ವರ್ಷಕ್ಕೆ ಕಾಲೇಜಿಗೆ ಹೊರಡುತ್ತಾಳೆ. ಆಮೇಲೆ ಆ ಹಸಿರು ಹಾಸನ್ನು ನೋಡುತ್ತಾ ನಾವಿಬ್ಬರೂ ಏನು ಮಾಡುವುದು? ಈ ಮಾತು ಬಂದಾಗಲೆಲ್ಲ ಮನೆಯಲ್ಲಿ ಮೌನ.

ಕಂತ್ರಾಟುದಾರನೊಬ್ಬ ಬಂದು, ಹುಲ್ಲು ಕೆರೆದು ಮರಳು ಚೆಲ್ಲಿ ಒಂದೇ ದಿನದಲ್ಲಿ ಹಾಸಿ ಹೋಗುತ್ತೇನೆ ಎಂದ. ನಮ್ಮ ಜೊತೆಗಿರುವ ಮಾವನವರಿಗೆ ಎಪ್ಪತ್ತೆಂಟು ವರ್ಷ, ತಿಪಟೂರು ಕಡೆಯ ರಾಗಿ ಬೆಳೆದ ಕೈ. ಅವರು ಕೇಳಿದ್ದು ಒಂದೇ: "ಏನಮ್ಮ, ಇದರ ಕೆಳಗೆ ಏನು ಹಾಕ್ತಾರಂತೆ?"

ಓದುಗರೇ, ಇಡೀ ವಿದ್ಯೆ ಇರುವುದು ಆ ಪ್ರಶ್ನೆಯಲ್ಲೇ. ಮೇಲಿನ ಹಸಿರು ಬರೀ ಹೊದಿಕೆ. ಚೆಂಡು ಪುಟಿಯುವುದು ಕೆಳಗಿನ ನೆಲದಿಂದ. ಮಾವನವರು ಸುಗ್ಗಿಗೆ ಕಣ ಮಾಡುತ್ತಿದ್ದ ಕ್ರಮ ವಿವರಿಸಿದರು: ನೆಲ ಕೆತ್ತಿ ಸಮ ಮಾಡಬೇಕು, ನೀರು ಚಿಮುಕಿಸಬೇಕು, ಗುಂಡುಕಲ್ಲು ಉರುಳಿಸಿ ಗಟ್ಟಿ ಮಾಡಬೇಕು, ಕೊನೆಗೆ ಸಗಣಿ ಬಗ್ಗಡ ಸಾರಿಸಬೇಕು. ನಾವು ಆರಿಸಿಕೊಂಡ ಎರಡನೆಯ ಕಂತ್ರಾಟುದಾರ ಮಾಡಿದ್ದೂ ಅದನ್ನೇ, ಸಗಣಿಯೊಂದು ಬಿಟ್ಟು! ನಾಲ್ಕು ಇಂಚು ಮಣ್ಣು ತೆಗೆದು, ಕಳೆ ಏಳದಂತೆ ಬಟ್ಟೆ ಹಾಸಿ, ಜಲ್ಲಿಪುಡಿ ತುಂಬಿ, ನೀರು ಹಾಕುತ್ತಾ ಯಂತ್ರದಿಂದ ಪದರ ಪದರವಾಗಿ ದಮ್ಮಸು ಮಾಡಿದ. ಮಳೆನೀರು ಮನೆಯ ಬುಡಕ್ಕೆ ಬರದೆ ಆಚೆಗೆ ಹರಿಯಲು ಹತ್ತಡಿಗೆ ಒಂದು ಇಂಚಿನಷ್ಟು ಇಳಿಜಾರು ಕೊಟ್ಟ.

ಉದ್ದದ ಲೆಕ್ಕವೂ ಇತ್ತು. ಕ್ರಿಕೆಟ್ ಪಿಚ್ 22 ಗಜ, ಅಂದರೆ 66 ಅಡಿ. ನಮ್ಮ ಹಿತ್ತಲು ನಲವತ್ತು! ಬ್ಯಾಡ್ಮಿಂಟನ್ ಕೋರ್ಟಿಗೂ 44 ಅಡಿ ಬೇಕು. ಅಂತೂ ಟೆನಿಸ್ ಚೆಂಡು ಎಸೆದು ಬ್ಯಾಟಿಂಗ್ ಅಭ್ಯಾಸ ಮಾಡಲು 36 ಅಡಿ ಉದ್ದ, 12 ಅಡಿ ಅಗಲದ ಪಟ್ಟಿ ಸಾಕೆಂದು ತೀರ್ಮಾನವಾಯಿತು. ನಮಗೆ ಸಿಕ್ಕ ಟರ್ಫ್ ಸುರುಳಿ 15 ಅಡಿ ಅಗಲದ್ದು, ಆದ್ದರಿಂದ ನಡುವೆ ಜೋಡಣೆಯೇ ಬೇಕಾಗಲಿಲ್ಲ. ಎಳೆ ಗಿಡ್ಡದ್ದನ್ನೇ ಆರಿಸಿದೆವು. ಉದ್ದ ಎಳೆಯಲ್ಲಿ ಚೆಂಡು ಸತ್ತು ಬೀಳುತ್ತದೆ. ಎಳೆಗಳ ನಡುವೆ ರಬ್ಬರ್ ಚೂರಿನ ಬದಲು ಮರಳು ತುಂಬಿಸಿ ಗುಡಿಸಿದರು. ಸುತ್ತ ಬಲೆ.

ಇದು ಹುಲ್ಲಲ್ಲ ಎಂಬುದನ್ನು ಮರೆಯಬಾರದು. 1965ರಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ತೆರೆದಾಗ ಒಳಗೆ ನಿಜವಾದ ಹುಲ್ಲೇ ಇತ್ತು. ಆಟಗಾರರ ಕಣ್ಣು ಕುಕ್ಕುತ್ತದೆಂದು ಮಾಡಿನ ಪಾರದರ್ಶಕ ಫಲಕಗಳಿಗೆ ಬಣ್ಣ ಬಳಿದರು, ಬಿಸಿಲಿಲ್ಲದೆ ಹುಲ್ಲು ಸತ್ತಿತು, 1966ರಲ್ಲಿ ಪ್ಲಾಸ್ಟಿಕ್ ಬಂತು. ಅಂದಿನಿಂದ ಇಂದಿನವರೆಗೂ ಅದರ ದೊಡ್ಡ ದೋಷ ಕಾವು. ಜುಲೈ ಮಧ್ಯಾಹ್ನದ ಉರಿಬಿಸಿಲಲ್ಲಿ ಟರ್ಫ್‌ನ ಮೈ 150 ಡಿಗ್ರಿ ಫ್ಯಾರನ್‌ಹೀಟ್ ದಾಟಬಲ್ಲದು. ನೀರು ಹಾಯಿಸಿದರೆ ತಣಿಯುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ನಮ್ಮಲ್ಲಿ ಬೇಸಿಗೆಯ ಆಟ ಸಂಜೆ ಆರರ ನಂತರವೇ. ಹೊಸ ಕಿಟಕಿ ಗಾಜಿನಿಂದ ಪ್ರತಿಫಲಿಸಿದ ಬಿಸಿಲು ಎಳೆಗಳನ್ನು ಕರಗಿಸುವುದೂ ಉಂಟು. ಅಲ್ಲಿಗೊಂದು ಪರದೆ ಕಟ್ಟಿ.

ಮಾಡಿಸುವವರಿಗೆ ಇನ್ನೆರಡು ಮಾತು. ಅಗೆಯುವ ಮುನ್ನ 811ಕ್ಕೆ ಫೋನ್ ಮಾಡಿ; ಗ್ಯಾಸ್, ಕರೆಂಟ್ ಲೈನುಗಳನ್ನು ಪುಕ್ಕಟೆಯಾಗಿ ಗುರುತು ಹಾಕಿಸಿಕೊಡುತ್ತಾರೆ. ನಿಮ್ಮ ಊರಿನ ಸಿಟಿ ಆಫೀಸಿನಲ್ಲೂ ವಿಚಾರಿಸಿ. ಮನೆಗಳಲ್ಲಿ ಕೃತಕ ಹುಲ್ಲನ್ನು ನಗರಗಳು ನಿಷೇಧಿಸಬಾರದೆಂದು 2015ರಲ್ಲಿ ಆಗಿದ್ದ ಕ್ಯಾಲಿಫೋರ್ನಿಯಾ ಕಾನೂನನ್ನು 2023ರಲ್ಲಿ ಬದಲಿಸಿ, ಆ ಅಧಿಕಾರವನ್ನು ನಗರಗಳಿಗೇ ಮರಳಿಸಿದ್ದಾರೆ.

ಮಗಳು ಹೋದ ಮೇಲೆ ಏನು ಎಂಬ ಪ್ರಶ್ನೆಗೂ ಮಾವನವರೇ ಉತ್ತರ ಹೇಳಿದರು. "ಕಣ ಮಾಡೋದು ಸುಗ್ಗಿಗಮ್ಮ. ಎಷ್ಟು ಬೇಕೋ ಅಷ್ಟೇ ಅಗಲ. ಸುಗ್ಗಿ ಮುಗಿದ ಮೇಲೆ ಆ ನೆಲಾನೇ ಮತ್ತೆ ಉಳ್ತಿದ್ವಿ. ಅದಕ್ಕೆ ಯಾರೂ ಅಳ್ತಿರಲಿಲ್ಲ."

ಆದ್ದರಿಂದಲೇ ಉಳಿದ ಹತ್ತಡಿ ಅಗಲವನ್ನು ಮಣ್ಣಾಗಿಯೇ ಬಿಟ್ಟಿದ್ದೇವೆ. ಕರಿಬೇವು ಕುಂಡದಿಂದ ನೆಲಕ್ಕಿಳಿದಿದೆ, ಪಕ್ಕದಲ್ಲಿ ಮಲ್ಲಿಗೆ. ಬೆಳಿಗ್ಗೆ ಟರ್ಫ್ ತಣ್ಣಗಿರುವಾಗ ಮಾವನವರು ಎಡವುವ ಭಯವಿಲ್ಲದೆ ಅದರ ಮೇಲೆ ಇಪ್ಪತ್ತು ಸುತ್ತು ನಡೆಯುತ್ತಾರೆ. ಸಂಜೆ ಕುರ್ಚಿಯಲ್ಲಿ ಕೂತು ಮೊಮ್ಮಗಳಿಗೆ ಚೆಂಡೆಸೆಯುತ್ತಾರೆ, ಔಟೋ ಅಲ್ಲವೋ ಎಂದು ಜಗಳವನ್ನೂ ಆಡುತ್ತಾರೆ. ನಮ್ಮ ಸುಗ್ಗಿ ಈಗ ನಡೆಯುತ್ತಿದೆ. ಮಕ್ಕಳನ್ನು ಕರೆದುಕೊಂಡು ಒಂದು ಸಂಜೆ ಬನ್ನಿ. ಬ್ಯಾಟು ನಮ್ಮದು, ಮಜ್ಜಿಗೆಯೂ ನಮ್ಮದೇ.