ಅಜ್ಜನ ದನಿ, ಅಜ್ಜಿಯ ಮಾತು

ನನ್ನ ಸೋದರಮಾವನಿಗೆ ಒಂದು ಕಾಲದಲ್ಲಿ ಕ್ಯಾಮ್‌ಕಾರ್ಡರಿನ ಹುಚ್ಚು ಹಿಡಿದಿತ್ತು. ತರೀಕೆರೆಯ ಅವನ ಮನೆಯ ಅಟ್ಟದ ಮೇಲೆ ಆ ಯಂತ್ರವೂ ಮೂರು ಪುಟ್ಟ ಕ್ಯಾಸೆಟ್ಟುಗಳೂ ಒಂದು ಸಿಹಿತಿಂಡಿಯ ಡಬ್ಬಿಯಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ನಿದ್ರಿಸಿದ್ದುವು. ಕಳೆದ ದಸರಾ ರಜೆಯಲ್ಲಿ ಅವನ್ನು ಎಬ್ಬಿಸುವ ಭಾಗ್ಯ ನನ್ನ ಪಾಲಿಗೆ ಬಂತು.

ಮೊದಲು ಕಡೂರಿನ ನಮ್ಮ ಮನೆಗೆ ತಂದೆ. ಪುಣ್ಯಕ್ಕೆ ಯಂತ್ರ ಓಡಿತು. ಆದರೆ ಗೋಡೆಗಂಟಿದ ನಮ್ಮ ಹೊಸ ಟೆಲಿವಿಷನ್ನಿನಲ್ಲಿ ಹಳದಿ, ಬಿಳಿ, ಕೆಂಪು ತಂತಿಗಳನ್ನು ಸಿಕ್ಕಿಸಲು ತೂತುಗಳೇ ಇಲ್ಲ! ಅಜ್ಜಂಪುರದಲ್ಲಿ ಅಜ್ಜಿಯ ಮನೆಯ ದಪ್ಪ ಬೆನ್ನಿನ ಹಳೆಯ ಟೆಲಿವಿಷನ್ನು ನೆನಪಾಯಿತು. ಅದನ್ನು ಬದಲಾಯಿಸಲು ಅಜ್ಜಿ ಯಾರಿಗೂ ಬಿಟ್ಟಿರಲಿಲ್ಲ. ಮಾವನನ್ನೂ ಕರೆಸಿಕೊಂಡು ಅಲ್ಲಿಗೇ ಹೋದೆ.

ಮಾವನ ಆಸೆ ಬೇರೆಯೇ ಇತ್ತು. ಮದುವೆಯ ವೀಡಿಯೋಗಳಲ್ಲಿ ಮಾಡುವಂತೆ ಚಿತ್ರಕ್ಕೆ ಹೊಸ ಶಬ್ದ ಸೇರಿಸಬೇಕು, ಸಿನಿಮಾ ಹಾಡು ಹಾಕಬೇಕು ಎಂದ. ಡಬ್ಬಿಂಗ್ ಎಂದರೆ ಕನ್ನಡಿಗರಿಗೆ ಜಗಳದ ಮಾತು. 1960ರ ದಶಕದ ಚಳವಳಿಯ ಮೇಲೆ ಡಬ್ಬಿಂಗ್ ಚಿತ್ರಗಳು ದಶಕಗಳ ಕಾಲ ನಮ್ಮ ಚಿತ್ರಮಂದಿರಗಳಿಂದ ದೂರವೇ ಉಳಿದವು. ಸ್ಪರ್ಧಾ ಆಯೋಗದವರೆಗೆ ಹೋದ ಆ ವಿವಾದಕ್ಕೆ 2015ರಲ್ಲಿ ಅಲ್ಲಿಂದ ಆದೇಶ ಬಂತು. ನಮ್ಮ ಮನೆಯಲ್ಲೂ ಜಗಳವಾಯಿತೆನ್ನಿ. "ನಿಮ್ಮಪ್ಪ ಮಾತಾಡೋ ಕಡೆ ಯಾವನದೋ ಹಾಡು ಯಾಕೋ? ಏನು ಮಾತಾಡಿದ್ರು ಅಂತ ನಾನೇ ಹೇಳ್ತೀನಿ" ಎಂದು ಅಜ್ಜಿ ಪಟ್ಟು ಹಿಡಿದರು.

ಈ ಮಿನಿ ಡಿ.ವಿ. ಕ್ಯಾಸೆಟ್ಟಿನ ಮರ್ಮವನ್ನು ಒಂದಿಷ್ಟು ಹೇಳಬೇಕು. ಅದರ ಟೇಪಿನ ಅಗಲ ಕೇವಲ 6.35 ಮಿಲಿಮೀಟರು. ಶಬ್ದವನ್ನು 16 ಬಿಟ್‌ನಲ್ಲಿ ಮುದ್ರಿಸಿದ್ದರೆ ಜಾಗವೆಲ್ಲ ತುಂಬಿಹೋಗಿ, ಹೊಸ ಶಬ್ದಕ್ಕೆ ಎಡೆಯೇ ಇರುವುದಿಲ್ಲ. 12 ಬಿಟ್‌ನಲ್ಲಾದರೆ ನಾಲ್ಕು ಹಾದಿಗಳುಂಟು. ಎರಡರಲ್ಲಿ ಮೂಲ ಶಬ್ದ, ಉಳಿದೆರಡು ಖಾಲಿ. ಆ ಖಾಲಿ ಹಾದಿಯಲ್ಲಿ ಹೊಸ ಮಾತು ಮುದ್ರಿಸಿದರೆ ಹಳೆಯದು ಅಳಿಯದು. ಬೇಕಾದ್ದನ್ನು ಬೇರೆಯಾಗಿಯೂ, ಎರಡನ್ನೂ ಬೆರೆಸಿಯೂ ಕೇಳಬಹುದು. ಕಡೂರಿನ ಗೃಹಪ್ರವೇಶದ ಕ್ಯಾಸೆಟ್ಟು 16 ಬಿಟ್, ಯಂತ್ರ ಒಪ್ಪಲಿಲ್ಲ. ಮಿಕ್ಕೆರಡು 12 ಬಿಟ್.

ಶಬ್ದ ಸೇರಿಸಬೇಕಾದರೆ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ರಕ್ಷಣೆಯ ಬಿಲ್ಲೆಯನ್ನು ಸರಿಸಬೇಕು. ಆಗ ಕೈತಪ್ಪಿದರೆ ಚಿತ್ರಕ್ಕೂ ರಕ್ಷಣೆಯಿಲ್ಲ. ಮೊದಲು ಪ್ರತಿ ತೆಗೆದಿಟ್ಟುಕೊಳ್ಳಬೇಕೆಂಬ ಬುದ್ಧಿ ನನಗೆ ಬಂದದ್ದು ಅನಾಹುತವಾದ ಮೇಲೆ. ತರೀಕೆರೆಯ ಕ್ಯಾಸೆಟ್ಟಿನಲ್ಲಿ ಎಲ್ಲರೂ ಅಮೃತಪುರಕ್ಕೆ ಹೋದ ಚಿತ್ರವಿತ್ತು. ನಾನು ಗುಂಡಿಯನ್ನು ಕ್ಯಾಮೆರಾ ಕಡೆಗೆ ತಿರುಗಿಸಿದ್ದು ಮರೆತು ಕೆಂಪು ಗುಂಡಿ ಒತ್ತಿಬಿಟ್ಟೆ. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಎದ್ದ ಅಮೃತೇಶ್ವರ ದೇವಾಲಯದ ಕಂಬಗಳ ನಡುವೆ ಈಗ ಒಂಬತ್ತು ಸೆಕೆಂಡು ಅಜ್ಜಿಯ ಮನೆಯ ಚಾಪೆ ಕಾಣುತ್ತದೆ! ಮಾವ ಸಂಜೆಯವರೆಗೆ ನನ್ನೊಡನೆ ಮಾತನಾಡಲಿಲ್ಲ.

ಆದ್ದರಿಂದ ಮೂರನೆಯ ಕ್ಯಾಸೆಟ್ಟನ್ನು ಮುಟ್ಟುವಾಗ ಕೈ ನಡುಗಿತು. 2005ರಲ್ಲಿ ಇದೇ ಮನೆಯ ಅಂಗಳದಲ್ಲಿ ತೆಗೆದದ್ದು. ಅಜ್ಜ ತೀರಿಕೊಂಡದ್ದು 2009ರಲ್ಲಿ. ಅವರು ಓಡಾಡುವ ಚಿತ್ರ ನಮ್ಮಲ್ಲಿ ಇದೊಂದೇ. ಈರುಳ್ಳಿ ಚೀಲ ತುಂಬುತ್ತಿದ್ದ ಟ್ರಾಕ್ಟರಿನ ಗದ್ದಲದಲ್ಲಿ ಅವರ ಮಾತು ಒಂದೂ ತಿಳಿಯದು.

ಮೈಕಿನೊಳಗೆ ಹಳೆಯ ಶಬ್ದ ನುಗ್ಗದಿರಲೆಂದು ಟೆಲಿವಿಷನ್ನಿನ ದನಿಯನ್ನು ಪೂರ್ತಿ ತಗ್ಗಿಸಿದೆ. ಪರದೆಯ ಮೇಲೆ ಅಜ್ಜ ಸದ್ದಿಲ್ಲದೆ ತುಟಿಯಾಡಿಸಿದರು. ಅಜ್ಜಿ ಮೈಕು ಹಿಡಿದು ಹೇಳುತ್ತ ಹೋದರು. ಈರುಳ್ಳಿಯ ದರ, ಕೂಲಿಯವರ ಕಾಫಿ, ಮಳೆ. ಒಂದೆಡೆ ಅಜ್ಜ ಪಕ್ಕಕ್ಕೆ ತಿರುಗಿ ಯಾರನ್ನೋ ಕರೆಯುತ್ತಾರೆ. ಅಜ್ಜಿಯ ಗಂಟಲು ಕಟ್ಟಿತು: "ಇಗೋ, ನನ್ನ ಕರೀತಿದಾರೆ. ಬಾರೇ, ನೀನೂ ಬಂದು ನಿಂತ್ಕೋ ಅಂತ. ಕೈಯೆಲ್ಲ ಹಿಟ್ಟಾಗಿದೆ ಅಂತ ನಾನು ಹೋಗ್ಲಿಲ್ಲ. ಹೋಗಬೇಕಿತ್ತು." ಆಮೇಲೆ ಟೇಪು ಓಡುತ್ತಲೇ ಇತ್ತು, ಅಜ್ಜಿ ಮಾತಾಡಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಮೂಲ ಶಬ್ದವನ್ನಷ್ಟೇ ಹಾಕಿದೆ. ಐದಾರು ಸಲ ಕೇಳಿದ ಮೇಲೆ ಟ್ರಾಕ್ಟರಿನ ಅಡಿಯಿಂದ ಅಜ್ಜನ ದನಿ ಮೆಲ್ಲಗೆ ಮೇಲೆದ್ದಿತು. "ಬಾರೇ ಗೌರೀ, ಬಾರೇ." ಗೌರಿ ಎಂದರೆ ನಮ್ಮ ಹಸು! ಅಜ್ಜಂಪುರ ಅಮೃತಮಹಲ್ ತಳಿಗೆ ಹೆಸರಾದ ಊರು. ಅಜ್ಜನಿಗೆ ಆ ತಳಿಯ ಈ ಹಸುವಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಕ್ಯಾಮೆರಾದ ಮುಂದೆ ಅವಳನ್ನು ನಿಲ್ಲಿಸಬೇಕೆಂದಿದ್ದರು.

ಹೇಳುವುದೋ ಬಿಡುವುದೋ ಎಂದು ಬೆಳಗಿನವರೆಗೆ ಹೊರಳಾಡಿದೆ. ಮಾವನಿಗೆ ಹೇಳಿದಾಗ, "ಸುಮ್ನಿರೋ" ಎಂದ. ಮತ್ತೆ ಅವನೇ, "ಆ ಜಾಗದಲ್ಲಿ ಇನ್ನೊಂದು ಸಲ ಡಬ್ ಮಾಡಿದ್ರೆ ಅಮ್ಮನ ಮಾತು ಅಳಿಸ್ಬಹುದಲ್ವಾ?" ಎಂದು ಕೇಳಿದ. ಅಳಿಸಬಹುದಿತ್ತು. ಆದರೆ ಹೋಗಲಿಲ್ಲವೆಂಬ ಕೊರಗನ್ನು ಇಷ್ಟು ವರ್ಷ ಹೊತ್ತವರಿಗೆ ಹೇಳದೆ ಮುಚ್ಚಿಡುವುದು ನನಗೆ ಸರಿತೋರಲಿಲ್ಲ. ಹೆಡ್‌ಫೋನನ್ನು ಅಜ್ಜಿಯ ಕಿವಿಗೇ ಹಾಕಿದೆ.

ಅಜ್ಜಿ ಮೂರು ಸಲ ಕೇಳಿದರು. ನಗುವರೋ ಅಳುವರೋ ತಿಳಿಯಲಿಲ್ಲ.

"ನನ್ನ ಕರೆಯೋವಾಗ್ಲೂ ಅವರ ದನಿ ಹೀಗೇ ಇತ್ತು ಕಣೋ" ಎಂದರು. ಆಮೇಲೆ ಪರದೆಯನ್ನು ದಿಟ್ಟಿಸಿ, "ಗೌರೀನೂ ಹೋಗ್ಲಿಲ್ಲ, ನೋಡು" ಎಂದರು.

ತಮ್ಮ ಮಾತನ್ನು ಅಳಿಸಲು ಅಜ್ಜಿ ಒಪ್ಪಲಿಲ್ಲ. ನಾನು ಬಿಲ್ಲೆಯನ್ನು ಹಿಂದಕ್ಕೆ ಸರಿಸಿ, ಎರಡು ಸಲ ಪರೀಕ್ಷಿಸಿ, ಕ್ಯಾಸೆಟ್ಟನ್ನು ಡಬ್ಬಿಯಲ್ಲಿಟ್ಟೆ.